ಕಡಲಾಚೆಯಿಂದ ಮದುವೆಗೆ ಬಂದವರಿಗೆ ನಾಡು ತೋರಿಸುವ ಬಗೆ

ಕಲ್ಯಾಣ ಮಹೋತ್ಸವವೆಂಬುದು ಎರಡು ಮನೆತನಗಳು ಕೂಡುವ ಶುಭ ಸಂದರ್ಭ. ಹಂಚಿಹೋದ ಬಂಧುಬಳಗವು ಒಂದು ಚಪ್ಪರದ ಕೆಳಗೆ ಸೇರುವ ಸುದಿನವೂ ಅದೇ. ಹಿಂದೆ ನಮ್ಮ ಮನೆಗಳಲ್ಲಿ ‘ದೂರದ ಬಂಧುಗಳು’ ಎಂದರೆ ಸೊಲ್ಲಾಪುರದವರು ಅಥವಾ ಪುಣೆಯವರು. ಇಂದು ಅದೇ ಮಾತು ಲಂಡನ್, ಚಿಕಾಗೋ, ಸಿಡ್ನಿಗಳಲ್ಲಿ ನೆಲೆಸಿದ ಮಕ್ಕಳಿಗೂ ಮೊಮ್ಮಕ್ಕಳಿಗೂ ಅನ್ವಯಿಸುತ್ತದೆ. ಹುಬ್ಬಳ್ಳಿಯಲ್ಲಿಯೋ ಧಾರವಾಡದಲ್ಲಿಯೋ ಬಾಗಲಕೋಟೆಯಲ್ಲಿಯೋ ನಡೆಯುವ ಮದುವೆಗೆ ಇಂಥ ಬಂಧುಗಳು ಬರುತ್ತಾರೆ. ಅವರೊಡನೆ ವರನ ಸಹೋದ್ಯೋಗಿಗಳು, ವಧುವಿನ ಸಹಪಾಠಿಗಳು, ಎಂದೂ ಈ ನೆಲವನ್ನು ತುಳಿಯದ ಪರದೇಶೀಯರು ಕೂಡ ಬರುತ್ತಾರೆ.

ಇವರಿಗಾಗಿ ಮದುವೆ ಮನೆಯವರು ಮಾಡುವ ಸಿದ್ಧತೆ ಸಾಮಾನ್ಯವಾಗಿ ಅಕ್ಕಿಕಾಳು ಬೀಳುವಲ್ಲಿಗೆ ಮುಗಿಯುತ್ತದೆ. ವಸತಿ, ಊಟೋಪಚಾರ, ಉಡುಗೊರೆಗಳಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಆದರೆ ಮದುವೆಯ ಮರುದಿನ ಮನೆಯವರು ಲೆಕ್ಕಪತ್ರ, ಪಾತ್ರೆಪಡಗ, ಬೀಗರ ಔತಣಗಳಲ್ಲಿ ಮುಳುಗಿರುವಾಗ ಹತ್ತು ಸಾವಿರ ಮೈಲಿ ದೂರದಿಂದ ಬಂದವರಿಗೆ ಎರಡು ಗತಿಗಳು ಒದಗುತ್ತವೆ. ಒಂದು, ವಸತಿಗೃಹದ ಕೋಣೆಯಲ್ಲಿ ಕುಳಿತು ಹಿಂದಿರುಗುವ ದಿನವನ್ನು ಎಣಿಸುವುದು. ಎರಡು, ಯಾರೋ ಉತ್ಸಾಹಿಗಳು ಗೊತ್ತುಮಾಡಿದ ವಾಹನದಲ್ಲಿ ಎರಡು ದಿನಗಳಲ್ಲಿ ಹತ್ತು ಊರುಗಳನ್ನು ಓಡಿ ನೋಡುವುದು. ಮೊದಲನೆಯದರಲ್ಲಿ ಅವರು ಏನನ್ನೂ ಕಾಣರು. ಎರಡನೆಯದರಲ್ಲಿ ಎಲ್ಲವನ್ನೂ ಕಂಡು ಏನನ್ನೂ ನೆನಪಿನಲ್ಲಿಟ್ಟುಕೊಳ್ಳರು.

ಇದರ ನಷ್ಟವು ಅತಿಥಿಗಿಂತ ನಮಗೇ ಹೆಚ್ಚು. ಪರದೇಶದಲ್ಲಿ ಹುಟ್ಟಿ ಬೆಳೆದ ಹತ್ತು ಹನ್ನೆರಡು ವರ್ಷದ ಬಾಲಕನಿಗೆ ಅಜ್ಜನ ನಾಡನ್ನು ಕಾಣುವ ಅವಕಾಶ ಪದೇ ಪದೇ ಬರುವುದಿಲ್ಲ. ಅವನು ಮುಂದೆ ದೊಡ್ಡವನಾದಾಗ ‘ನನ್ನ ಮೂಲ ಯಾವುದು?’ ಎಂದು ಕೇಳಿಕೊಂಡರೆ ಅವನ ಕಣ್ಣಮುಂದೆ ನಿಲ್ಲುವುದು ಈ ಒಂದು ಪ್ರವಾಸದ ಚಿತ್ರ. ಆ ಚಿತ್ರವು ಧೂಳು, ಸೆಕೆ, ವಾಹನದೊಳಗಿನ ವಾಂತಿ ಇಷ್ಟೇ ಆಗಬಾರದು. ಆದಕಾರಣ ಈ ಲೇಖನದ ತಾತ್ಪರ್ಯವನ್ನು ಮೊದಲಿಗೇ ಹೇಳಿಬಿಡುವುದು ಉಚಿತ: ಕೆಲವೇ ಸ್ಥಳಗಳನ್ನು ಆಯ್ದುಕೊಳ್ಳಿರಿ, ಅಲ್ಲಿ ಸಾವಕಾಶವಾಗಿ ನಿಲ್ಲಿರಿ, ತಿಳಿಯಹೇಳಬಲ್ಲ ಒಬ್ಬರನ್ನು ಜೊತೆಗೆ ಕಳುಹಿಸಿರಿ.

ಆಮಂತ್ರಣದ ಜೊತೆಗೇ ಆರಂಭವಾಗಲಿ

ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಪರದೇಶದವರಿಗೆ ಒಂದು ಪತ್ರ ಹೋಗಬೇಕು. ಮದುವೆಯ ದಿನಾಂಕ, ಊರು, ತಲುಪುವ ಮಾರ್ಗ, ಆ ತಿಂಗಳ ಹವೆ, ಮದುವೆಯ ತರುವಾಯ ಎಷ್ಟು ದಿನ ಉಳಿಯಬಹುದು ಎಂಬ ಸೂಚನೆ ಇವೆಲ್ಲ ಅದರಲ್ಲಿರಲಿ. ಭಾರತೀಯ ಮೂಲದವರಲ್ಲಿ ಅನೇಕರ ಬಳಿ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡು, ಅಂದರೆ ಓಸಿಐ ಕಾರ್ಡು, ಇರುತ್ತದೆ. ಅವರಿಗೆ ವೀಸಾದ ಚಿಂತೆಯಿಲ್ಲ. ಉಳಿದವರಲ್ಲಿ ಬಹಳ ದೇಶಗಳವರಿಗೆ ಗಣಕಯಂತ್ರದ ಮೂಲಕವೇ ಇ-ವೀಸಾ ದೊರೆಯುತ್ತದೆ. ಹಾಗೆ ಪಡೆದವರು ಗೊತ್ತುಪಡಿಸಿದ ನಿಲ್ದಾಣಗಳಲ್ಲಿಯೇ ಇಳಿಯಬೇಕಾಗುತ್ತದೆ. ಬೆಂಗಳೂರು, ಮುಂಬಯಿ, ಗೋವೆ ಇವು ನಮಗೆ ಅನುಕೂಲವಾದವು. ವೀಸಾದ ಕೆಲಸವನ್ನು ಕೊನೆಯ ವಾರಕ್ಕೆ ಬಿಡದೆ ಒಂದು ತಿಂಗಳಾದರೂ ಮುಂಚೆ ಮುಗಿಸಿಕೊಳ್ಳುವಂತೆ ನೆನಪಿಸುವುದು ಹಿತ.

ಮನೆಯ ಯಜಮಾನರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಪರದೇಶದ ಪ್ರಜೆಗೆ ವಸತಿ ನೀಡಿದವರು ಆ ಸಂಗತಿಯನ್ನು 24 ಗಂಟೆಗಳೊಳಗೆ ಸರಕಾರಕ್ಕೆ ತಿಳಿಸಬೇಕೆಂಬ ನಿಯಮವುಂಟು. ವಸತಿಗೃಹದವರು ಇದನ್ನು ತಾವೇ ಪೂರೈಸುತ್ತಾರೆ. ಆದರೆ ‘ನಮ್ಮ ಮನೆಯಲ್ಲಿಯೇ ಇರಲಿ’ ಎಂದು ಪ್ರೀತಿಯಿಂದ ಉಳಿಸಿಕೊಂಡಾಗ ಆ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ. ಮನೆಯ ವಿದ್ಯಾವಂತ ತರುಣರೊಬ್ಬರಿಗೆ ಈ ಕೆಲಸವನ್ನು ವಹಿಸಿರಿ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನವೂ ಇದೆ, ರೈಲೂ ಇದೆ. 2023ರ ಜೂನ್ ತಿಂಗಳಿನಲ್ಲಿ ಬೆಂಗಳೂರು-ಧಾರವಾಡಗಳ ನಡುವೆ ವಂದೇ ಭಾರತ್ ರೈಲು ಆರಂಭವಾಯಿತು; 2025ರಲ್ಲಿ ಬೆಂಗಳೂರು-ಬೆಳಗಾವಿಗಳ ನಡುವೆ ಇನ್ನೊಂದು ವಂದೇ ಭಾರತ್ ರೈಲು ಆರಂಭವಾಯಿತು. ರೈಲಿನಲ್ಲಿ ಬಂದವರಿಗೆ ಒಂದು ಕೌತುಕವೂ ಕಾದಿರುತ್ತದೆ: 2023ರಲ್ಲಿ ಉದ್ಘಾಟನೆಗೊಂಡ, 1,507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವೆಂದು ಹೆಸರಾದ ಪ್ಲಾಟ್‌ಫಾರ್ಮು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿದೆ. ಗೋವೆಯಲ್ಲಿ ಇಳಿದವರು ಘಟ್ಟವನ್ನೇರಿ ರಸ್ತೆಯ ಮೂಲಕ ಅದೇ ದಿನ ತಲುಪಬಹುದು.

ಮದುವೆಗೆ ಎರಡು ದಿನ ಮೊದಲೇ ಅತಿಥಿಗಳು ಬಂದಿಳಿಯುವಂತೆ ನೋಡಿಕೊಳ್ಳಿರಿ. ಅಮೆರಿಕದ ಪೂರ್ವ ಕರಾವಳಿಗೂ ನಮಗೂ ಕಾಲಾನುಸಾರ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆಗಳ ಅಂತರವಿದೆ. ನಮ್ಮ ಹಗಲು ಅವರ ದೇಹಕ್ಕೆ ರಾತ್ರಿ. ಇಳಿದ ಮರುದಿನವೇ ಅವರನ್ನು ವಾಹನದಲ್ಲಿ ಕೂರಿಸಿ ದೂರದೂರಿಗೆ ಕರೆದೊಯ್ದರೆ ಮದುವೆಯ ಹೊತ್ತಿಗೆ ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತ ಕೂರುತ್ತಾರೆ. ಮದುವೆಗೆ ಮೊದಲು ವಿಶ್ರಾಂತಿ, ಮದುವೆಯ ನಂತರ ಪ್ರವಾಸ. ಈ ಕ್ರಮವನ್ನು ತಪ್ಪಿಸಬಾರದು.

ಮಂಟಪದಲ್ಲಿಯೇ ಮೊದಲ ದರ್ಶನ

ಪರದೇಶದವರ ಪಾಲಿಗೆ ಮದುವೆಯೇ ಮೊದಲನೆಯ ಪ್ರೇಕ್ಷಣೀಯ ಸ್ಥಳ. ಅಲ್ಲಿ ನಡೆಯುವುದು ಅವರಿಗೆ ಅರ್ಥವಾಗದಿದ್ದರೆ ಮುಂದಿನ ಯಾವ ಗುಡಿಯೂ ಅರ್ಥವಾಗದು. ಒಂದೇ ಹಾಳೆಯಲ್ಲಿ, ಅವರ ಭಾಷೆಯಲ್ಲಿ, ಸರಳವಾಗಿ ಕೆಲವು ಸಂಗತಿಗಳನ್ನು ಬರೆದು ಕೊಡುವುದು ಬಹು ಪ್ರಯೋಜನಕಾರಿ. ಹಣೆಗೆ ವಿಭೂತಿ ಏಕೆ, ಕೊರಳಲ್ಲಿ ಇಷ್ಟಲಿಂಗವೇಕೆ, ಗುರುಗಳ ಸನ್ನಿಧಿಯಲ್ಲಿ ಮಾಂಗಲ್ಯಧಾರಣವೇಕೆ, ಅಕ್ಕಿಕಾಳನ್ನು ಯಾವಾಗ ಹಾಕಬೇಕು, ಪಾದರಕ್ಷೆಗಳನ್ನು ಎಲ್ಲಿ ಬಿಡಬೇಕು ಎಂಬುದೆಲ್ಲ ಅದರಲ್ಲಿ ಬರಲಿ. ಅರಿಷಿಣದ ದಿನ ಬಿಳಿಯ ಬಟ್ಟೆ ತೊಡಬಾರದೆಂಬ ಎಚ್ಚರಿಕೆಯನ್ನೂ ಸೇರಿಸಿದರೆ ಅತಿಥಿಗಳು ನಗುತ್ತಲೇ ಉಪಕಾರ ಸ್ಮರಿಸುತ್ತಾರೆ. ಊಟವು ಶುದ್ಧ ಶಾಕಾಹಾರವೆಂದೂ ಮದ್ಯಕ್ಕೆ ಅವಕಾಶವಿಲ್ಲವೆಂದೂ ಮೊದಲೇ ತಿಳಿಸುವುದರಲ್ಲಿ ಸಂಕೋಚ ಬೇಡ. ತಿಳಿದು ಬಂದವರು ಸಂತೋಷದಿಂದ ಹೊಂದಿಕೊಳ್ಳುತ್ತಾರೆ. ತಿಳಿಯದೆ ಬಂದವರಿಗೆ ಇರುಸುಮುರುಸಾಗುತ್ತದೆ.

ಯಾರಾದರೂ ಇಷ್ಟಲಿಂಗ ಪೂಜೆಯಲ್ಲಿ ಕುಳಿತಿರುವಾಗ ಅವರ ಅನುಮತಿಯಿಲ್ಲದೆ ಛಾಯಾಚಿತ್ರ ತೆಗೆಯಬಾರದು, ಇನ್ನೊಬ್ಬರ ಲಿಂಗವನ್ನು ಮುಟ್ಟಬಾರದು ಎಂಬ ಎರಡು ಮಾತುಗಳನ್ನು ಮೃದುವಾಗಿ ಹೇಳಬೇಕು. ಇಷ್ಟು ಹೇಳಿದರೆ ಅತಿಥಿಗಳು ಸಹಜವಾಗಿ ಕೇಳುವ ಪ್ರಶ್ನೆಯೊಂದಿದೆ: ‘ನಿಮ್ಮ ದೇವರನ್ನು ನೀವು ಮೈಮೇಲೆಯೇ ಧರಿಸಿದ್ದೀರಿ, ಹಾಗಿದ್ದರೆ ನಮ್ಮನ್ನು ಗುಡಿಗಳಿಗೆ ಏಕೆ ಕರೆದೊಯ್ಯುತ್ತೀರಿ?’ ಈ ಪ್ರಶ್ನೆ ಅಪಹಾಸ್ಯವಲ್ಲ. ಅದು ನಮ್ಮ ಧರ್ಮದ ತಿರುಳನ್ನೇ ತಟ್ಟುವ ಪ್ರಶ್ನೆ. ಉತ್ತರವನ್ನು ಮಾತಿನಲ್ಲಿ ಹೇಳುವುದಕ್ಕಿಂತ ಕೆಳಗೆ ಸೂಚಿಸುವ ಹೊಳೆಯ ದಾರಿಯಲ್ಲಿ ತೋರಿಸುವುದು ಸುಲಭ.

ನಾಡಿಗಿಂತ ಮೊದಲು ಊರು

ಪ್ರವಾಸವೆಂದೊಡನೆ ನಾವು ಶಿಲ್ಪಕಲೆಯ ಕ್ಷೇತ್ರಗಳನ್ನು ಎಣಿಸತೊಡಗುತ್ತೇವೆ. ಆದರೆ ನಮ್ಮವರೇ ಆದ ಮಕ್ಕಳಿಗೆ ಮೊದಲು ತೋರಿಸಬೇಕಾದುದು ಮನೆತನದ ಮೂಲ ಊರನ್ನು. ಅರ್ಧ ದಿನ ಸಾಕು. ಅಜ್ಜ ಓದಿದ ಶಾಲೆಯ ಕಟ್ಟೆ, ಹೊಲದ ಬದು, ಬಾವಿ, ಊರ ಮಠ, ಗುಡಿಯ ಮುಂದಿನ ಕಟ್ಟೆಯಲ್ಲಿ ಕುಳಿತ ಹಿರಿಯರು, ಇವುಗಳಿಗೆ ಪ್ರವೇಶ ಶುಲ್ಕವಿಲ್ಲ. ‘ನಿಮ್ಮಪ್ಪ ಇಲ್ಲಿಯೇ ಬಿದ್ದು ಮೊಣಕಾಲು ಒಡೆದುಕೊಂಡಿದ್ದ’ ಎಂದು ಊರಿನ ಹಿರಿಯರೊಬ್ಬರು ಹೇಳಿದರೆ ಆ ಬಾಲಕನಿಗೆ ಅದು ಯಾವ ಶಾಸನಕ್ಕೂ ಕಡಿಮೆಯಾದುದಲ್ಲ. ಹುಡುಗಿಯರನ್ನು ಅಡುಗೆಮನೆಗೆ ಕರೆದು ಜೋಳದ ಹಿಟ್ಟಿನ ಮುದ್ದೆಯೊಂದನ್ನು ಕೈಗೆ ಕೊಡಲಿ, ಹುಡುಗರಿಗೂ ಕೊಡಲಿ. ರೊಟ್ಟಿ ಹರಿದುಹೋಗಲಿ, ಚಿಂತೆಯಿಲ್ಲ. ತಾವು ಬಡಿದ ರೊಟ್ಟಿಯನ್ನು ತಿಂದವರು ಆ ಊರನ್ನು ಮರೆಯುವುದಿಲ್ಲ.

ಪರದೇಶೀಯ ಮಿತ್ರರನ್ನೂ ಅಲ್ಲಿಗೆ ಕರೆದೊಯ್ಯಬಹುದು. ಆದರೆ ಇಡೀ ಊರನ್ನು ನೆರೆಸಿ, ಹಾರ ತುರಾಯಿ ಹಾಕಿ, ಭಾಷಣ ಮಾಡಿಸಿ ಅವರನ್ನು ದಣಿಸುವುದು ಬೇಡ. ಒಂದು ಲೋಟ ಮಜ್ಜಿಗೆ, ಒಂದು ಬೇವಿನ ನೆರಳು, ಎರಡು ಮಾತು ಇವು ಸಾಕು.

ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ದಿನ

ಮದುವೆಗೆ ಮೊದಲು ವಿಶ್ರಾಂತಿಯ ನಡುವೆ, ಬಿಸಿಲಿಳಿದ ಮೇಲೆ, ಊರೊಳಗಿನ ಕೆಲವು ಸ್ಥಳಗಳನ್ನು ತೋರಿಸಬಹುದು. ಹುಬ್ಬಳ್ಳಿಯ ಸಿದ್ಧಾರೂಢ ಮಠ, ಮೂರುಸಾವಿರ ಮಠ, ಧಾರವಾಡದ ಮುರುಘಾಮಠ ಇವು ನಮ್ಮವರಿಗೆ ಹೊಸವಲ್ಲ. ಮಠದಲ್ಲಿ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದು ಪರದೇಶೀಯರಿಗೆ ದಾಸೋಹದ ಅರ್ಥವನ್ನು ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ. ನೆಲದ ಮೇಲೆ ಕೂರಲಾರದವರಿಗೆ ಮೊದಲೇ ಹೇಳಿ ಆಸನದ ಏರ್ಪಾಟು ಮಾಡಿಸಿರಿ. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯವು ಮನೆಗಳ ನಡುವೆಯೇ ನಿಂತ ಚಾಲುಕ್ಯರ ಕಾಲದ ಕಟ್ಟಡ. ಅದಕ್ಕೆ ಒಂದು ಗಂಟೆ ಸಾಕು.

ಅನೇಕರು ಮರೆಯುವ ಸ್ಥಳವೊಂದು ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಅಲ್ಲಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನಮ್ಮ ರಾಷ್ಟ್ರಧ್ವಜಗಳು ಸಿದ್ಧವಾಗುತ್ತವೆ. ಮುಂಚಿತವಾಗಿ ವಿಚಾರಿಸಿಕೊಂಡು ಹೋದರೆ ಬಟ್ಟೆಗೆ ಬಣ್ಣ ಹಾಕುವುದರಿಂದ ಹಿಡಿದು ಅಶೋಕ ಚಕ್ರವನ್ನು ಮುದ್ರಿಸುವವರೆಗಿನ ಕೆಲಸದ ಪರಿಚಯವಾಗುತ್ತದೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಕಾಯಕವೆಂದರೆ ಏನೆಂದು ಕೇಳುವ ಅತಿಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸಂಜೆ ಧಾರವಾಡದ ಸಾಧನಕೇರಿಗೆ ಹೋಗಿ ವರಕವಿ ಬೇಂದ್ರೆಯವರು ಬಾಳಿದ ಪರಿಸರವನ್ನು ಕಂಡು, ಪೇಡೆ ಕೊಂಡು ಮರಳಬಹುದು.

ಮಲಪ್ರಭೆಯ ಜಾಡಿನಲ್ಲಿ ಎರಡು ದಿನ

ಮದುವೆ ಮುಗಿದ ಮೇಲೆ ಎರಡು ದಿನಗಳಷ್ಟೇ ದೊರೆತರೆ ಎಲ್ಲಿಗೆ ಹೋಗಬೇಕು? ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಈ ನಾಲ್ಕನ್ನು ಒಂದೇ ಸೂತ್ರದಲ್ಲಿ ನೋಡುವುದೇ ನಮ್ಮ ಸಲಹೆ. ಆ ಸೂತ್ರವೇ ಮಲಪ್ರಭಾ ನದಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಬಾದಾಮಿ ಸೀಮೆಯನ್ನು ಹಾಯ್ದು, ಪಟ್ಟದಕಲ್ಲು ಐಹೊಳೆಗಳ ದಂಡೆಯನ್ನು ತೊಳೆದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹೊಳೆಯೊಡನೆ ನಡೆದಂತೆ ಆರನೆಯ ಶತಮಾನದ ಅರಸರ ಕಲ್ಲಿನಿಂದ ಹನ್ನೆರಡನೆಯ ಶತಮಾನದ ಶರಣರ ನುಡಿಯವರೆಗೆ ಸಾಗಿದಂತಾಗುತ್ತದೆ.

ಮೊದಲನೆಯ ದಿನ ಬೆಳಗಿನಲ್ಲಿಯೇ ಹುಬ್ಬಳ್ಳಿಯನ್ನು ಬಿಟ್ಟು ನರಗುಂದದ ಮಾರ್ಗವಾಗಿ ಬಾದಾಮಿಗೆ ಹೋಗಿರಿ. ದೂರ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಮಧ್ಯಾಹ್ನ ಊಟ, ವಿಶ್ರಾಂತಿ. ಬಿಸಿಲಿನ ಕಾವು ಇಳಿದ ಮೇಲೆ ಗುಹಾಲಯಗಳನ್ನು ಹತ್ತಿರಿ. ನಾಲ್ಕು ಗುಹೆಗಳಲ್ಲಿ ಮೂರು ಶೈವ ವೈಷ್ಣವ ಪರಂಪರೆಯವು, ನಾಲ್ಕನೆಯದು ಜೈನರದು. ಮೊದಲನೆಯ ಗುಹೆಯ ಪಕ್ಕದಲ್ಲಿ ಹದಿನೆಂಟು ಕೈಗಳ ನಟರಾಜನಿದ್ದಾನೆ. ಕೈಗಳನ್ನು ಎಣಿಸುವಂತೆ ಮಕ್ಕಳಿಗೆ ಹೇಳಿದರೆ ಅವರು ಹತ್ತು ನಿಮಿಷ ಕದಲುವುದಿಲ್ಲ. ಎಲ್ಲಕ್ಕೂ ದೊಡ್ಡದಾದ ಮೂರನೆಯ ಗುಹೆಯಲ್ಲಿ ಮಂಗಳೇಶನು ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಅನಂತರ ಅಗಸ್ತ್ಯತೀರ್ಥದ ದಂಡೆಗುಂಟ ಭೂತನಾಥನ ಗುಡಿಯವರೆಗೆ ನಡೆದು, ಕೆಂಗಲ್ಲ ಬೆಟ್ಟ ನೀರಿನಲ್ಲಿ ಮೂಡಿಸುವ ನೆರಳನ್ನು ನೋಡುತ್ತ ಕೂರಬಹುದು. ಇಲ್ಲಿಯ ಮಂಗಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆಯಿರಲಿ: ತಿಂಡಿಯ ಪೊಟ್ಟಣ, ಕನ್ನಡಕ, ಕೈಚೀಲ ಯಾವುದನ್ನೂ ಸಡಿಲವಾಗಿ ಹಿಡಿಯಬಾರದು. ರಾತ್ರಿ ಬಾದಾಮಿಯಲ್ಲಿಯೇ ಉಳಿಯಿರಿ.

ಎರಡನೆಯ ದಿನ ಸೂರ್ಯೋದಯದ ಹೊತ್ತಿಗೆ ಪಟ್ಟದಕಲ್ಲಿನಲ್ಲಿರಬೇಕು. ಬಾದಾಮಿಯಿಂದ ಅದು ಇಪ್ಪತ್ತು ಕಿಲೋಮೀಟರಿನ ಆಸುಪಾಸು. 1987ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಉತ್ತರದ ನಾಗರ ಶೈಲಿಯ ಶಿಖರಗಳೂ ದಕ್ಷಿಣದ ದ್ರಾವಿಡ ಶೈಲಿಯ ವಿಮಾನಗಳೂ ಒಂದೇ ಅಂಗಳದಲ್ಲಿ ನಿಂತಿರುವುದು ಇಲ್ಲಿಯ ವೈಶಿಷ್ಟ್ಯ. ಎಂಟನೆಯ ಶತಮಾನದಲ್ಲಿ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಳು. ಪಕ್ಕದ ಮಲ್ಲಿಕಾರ್ಜುನ ದೇವಾಲಯವನ್ನು ಕಟ್ಟಿಸಿದವಳು ರಾಣಿ ತ್ರೈಲೋಕ್ಯಮಹಾದೇವಿ. ವಿರೂಪಾಕ್ಷವನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಯ ಹೆಸರನ್ನೂ ಅವನಿಗೆ ಸಂದ ಗೌರವವನ್ನೂ ಅಲ್ಲಿಯೇ ಕಲ್ಲಿನಲ್ಲಿ ಕೊರೆದಿದ್ದಾರೆ. ಕಟ್ಟಿಸಿದವರ ಜೊತೆಗೆ ಕಟ್ಟಿದವನನ್ನೂ ನೆನೆದ ಈ ಸಂಗತಿಯನ್ನು ಅತಿಥಿಗಳಿಗೆ ಅವಶ್ಯ ಹೇಳಿರಿ.

ಬಿಸಿಲೇರುವ ಮೊದಲು ಐಹೊಳೆ. ಅಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ಎಲ್ಲವನ್ನೂ ನೋಡುವ ಹಟ ಬೇಡ. ದುರ್ಗದ ಗುಡಿ, ಲಾಡಖಾನ್ ಗುಡಿ, ಗುಡ್ಡದ ಮೇಲಿನ ಮೇಗುತಿ, ಈ ಮೂರು ಸಾಕು. ದುರ್ಗದ ಗುಡಿಗೆ ಆ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಪಕ್ಕದ ಕೋಟೆಯಿಂದ. ಹಿಂಬದಿ ದುಂಡಾಗಿರುವ ಅದರ ಆಕಾರವನ್ನು ಸುತ್ತುವರಿದು ನೋಡಬೇಕು. ಮೇಗುತಿಯಲ್ಲಿ ಕವಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ರಚಿಸಿದ ಶಾಸನವಿದೆ; ಇಮ್ಮಡಿ ಪುಲಕೇಶಿಯು ಉತ್ತರದ ಹರ್ಷನನ್ನು ತಡೆದ ವೃತ್ತಾಂತ ಅದರಲ್ಲಿ ಬರುತ್ತದೆ.

ಇಲ್ಲಿಂದ ಹುನಗುಂದದ ಕಡೆಗೆ ಸಾಗಿ ಸಂಜೆಯ ಹೊತ್ತಿಗೆ ಕೂಡಲಸಂಗಮವನ್ನು ಸೇರಿರಿ. ಬಾಗೇವಾಡಿಯ ಮನೆಯನ್ನು ತೊರೆದ ತರುಣ ಬಸವಣ್ಣನವರು ವಿದ್ಯೆಗೂ ಸಾಧನೆಗೂ ಆಯ್ದುಕೊಂಡ ನೆಲೆ ಇದು. ಕಲ್ಯಾಣದಲ್ಲಿ ಬಿಜ್ಜಳನ ಮಂತ್ರಿಯಾಗಿ, ಅನುಭವ ಮಂಟಪದ ಚೇತನವಾಗಿ ಬಾಳಿ, ಕೊನೆಗೆ ಐಕ್ಯರಾದ ನೆಲೆಯೂ ಇದೇ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಏರಿದಾಗ ಐಕ್ಯಮಂಟಪವು ಮುಳುಗದಂತೆ ಸುತ್ತಲೂ ಎತ್ತರದ ಕಟ್ಟಡ ಕಟ್ಟಿ ರಕ್ಷಿಸಿದ್ದಾರೆ. ಆದಕಾರಣ ಇಂದು ಮೆಟ್ಟಿಲಿಳಿದು ಕೆಳಗೆ ಹೋಗಿ ದರ್ಶನ ಪಡೆಯಬೇಕು. ಸುತ್ತ ನೀರು, ನಡುವೆ ಬಾವಿಯಂಥ ಆವರಣ, ಅದರ ತಳದಲ್ಲಿ ಚಿಕ್ಕ ಮಂಟಪ.

ಹಿಂದೆ ಹೇಳಿದ ಅತಿಥಿಯ ಪ್ರಶ್ನೆಗೆ ಉತ್ತರ ಕೊಡುವ ಜಾಗ ಇದೇ. ಎರಡು ದಿನ ಅವರು ಅರಸರೂ ರಾಣಿಯರೂ ಕಟ್ಟಿಸಿದ ಗುಡಿಗಳನ್ನು ನೋಡುತ್ತ ಬಂದಿದ್ದಾರೆ. ಅಂಥ ಗುಡಿಯನ್ನು ಕಟ್ಟಿಸಲು ಐಶ್ವರ್ಯ ಬೇಕು; ಒಳಗೆ ಹೋಗಲು ಹುಟ್ಟಿನ ಹಂಗು ಬೇಕಿತ್ತು. ಬಡವನ, ಹೊರಗೆ ನಿಂತವನ, ಹೆಣ್ಣಿನ ಅಂಗೈಗೇ ಲಿಂಗವನ್ನು ಕೊಟ್ಟು ಆ ಎರಡೂ ತಡೆಗಳನ್ನು ತೆಗೆದವರು ಶರಣರು. ಸ್ಥಾವರಕ್ಕಿಂತ ಜಂಗಮ ಹಿರಿದೆಂದು ಅವರು ಸಾರಿದರು. ಆ ಮಾತಿನ ಬೆಲೆ ತಿಳಿಯಬೇಕಾದರೆ ಸ್ಥಾವರವು ಎಷ್ಟು ಭವ್ಯವಾಗಿತ್ತೆಂಬುದನ್ನು ಮೊದಲು ಕಂಡಿರಬೇಕು. ಪಟ್ಟದಕಲ್ಲನ್ನು ನೋಡಿ ಬಂದವನಿಗೆ ಮಾತ್ರ ಈ ಚಿಕ್ಕ ಮಂಟಪದ ದೊಡ್ಡತನ ಹೊಳೆಯುತ್ತದೆ. ಲಂಡನ್ನಿನಿಂದ ಬಂದವರಿದ್ದರೆ ಇನ್ನೊಂದು ಮಾತು: ಅವರ ಥೇಮ್ಸ್ ನದಿಯ ದಂಡೆಯಲ್ಲಿಯೂ 2015ರ ನವೆಂಬರದಲ್ಲಿ ಭಾರತದ ಪ್ರಧಾನಿಗಳಿಂದ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಮರಳಿ ಹೋದ ಮೇಲೆ ಅದರ ಮುಂದೆ ನಿಂತಾಗ ಸಂಗಮದ ಈ ಸಂಜೆ ಅವರಿಗೆ ನೆನಪಾದೀತು.

ಆ ರಾತ್ರಿ ಸಂಗಮದಲ್ಲಿಯೇ ತಂಗುವುದು ಮೇಲು. ದಣಿದ ಚಾಲಕನಿಂದ ಕತ್ತಲಲ್ಲಿ ಮೂರು ನಾಲ್ಕು ಗಂಟೆ ವಾಹನ ಓಡಿಸಿ ಹುಬ್ಬಳ್ಳಿಗೆ ಮರಳುವ ಆತುರ ಸರಿಯಲ್ಲ. ಮರುದಿನ ಸಮೀಪದ ಇಳಕಲ್ಲಿನಲ್ಲಿ ಮಗ್ಗದ ಮನೆಯೊಂದಕ್ಕೆ ಹೋಗಿ, ಒಡಲಿನ ನೂಲಿಗೆ ಸೆರಗಿನ ನೂಲನ್ನು ಕುಣಿಕೆ ಹಾಕಿ ಜೋಡಿಸುವ ನೇಕಾರರ ಕೈಚಳಕವನ್ನು ನೋಡಿ ಮರಳಬಹುದು.

ಹೆಚ್ಚು ದಿನಗಳಿದ್ದರೆ

ಇನ್ನೂ ಎರಡು ದಿನಗಳಿದ್ದವರು ಕೆಳಗಿನವುಗಳಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಲಿ.

ಹಂಪಿ: ಹುಬ್ಬಳ್ಳಿಯಿಂದ ಹೊಸಪೇಟೆಗೆ ರೈಲೂ ರಸ್ತೆಯೂ ಇವೆ. 1986ರಿಂದ ವಿಶ್ವ ಪರಂಪರೆಯ ತಾಣ. ಬೆಳಿಗ್ಗೆ ವಿರೂಪಾಕ್ಷ, ಸಂಜೆ ವಿಜಯ ವಿಠ್ಠಲ ಎಂದು ಹಂಚಿಕೊಂಡರೆ ಬಿಸಿಲಿನ ಬಾಧೆ ಕಡಿಮೆ. ಐವತ್ತು ರೂಪಾಯಿಯ ಹೊಸ ನೋಟನ್ನು ಮಕ್ಕಳ ಕೈಗೆ ಕೊಟ್ಟು, ಅದರ ಹಿಂಬದಿಯ ಕಲ್ಲಿನ ರಥವನ್ನು ಹುಡುಕಿರೆಂದು ಹೇಳಿರಿ.

ವಿಜಯಪುರ: 1656ರಲ್ಲಿ ಮಡಿದ ಮುಹಮ್ಮದ್ ಆದಿಲಶಾಹನ ಸಮಾಧಿಯಾದ ಗೋಲಗುಮ್ಮಟ, ಅದರ ಪಿಸುಮಾತಿನ ಮೊಗಸಾಲೆ, ಇಬ್ರಾಹಿಂ ರೋಜಾದ ಸೂಕ್ಷ್ಮ ಕೆತ್ತನೆ. ಹೋಗುವ ದಾರಿಯಲ್ಲಿ ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿಯನ್ನು ಸೇರಿಸಿಕೊಳ್ಳಬಹುದು.

ಲಕ್ಕುಂಡಿ: ಗದಗಿನ ಸಮೀಪದ ಈ ಊರು ಅರ್ಧ ದಿನಕ್ಕೆ ಹೇಳಿಸಿದಂತಿದೆ. ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲುವಾಡದ ಕೆತ್ತನೆ, ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ, ಮೆಟ್ಟಿಲ ಬಾವಿಗಳು ಇಲ್ಲಿವೆ. ವಯಸ್ಸಾದವರಿಗೂ ದಣಿವಾಗದು.

ಉಳವಿ: ಚೆನ್ನಬಸವಣ್ಣನವರು ಐಕ್ಯರಾದ ಕ್ಷೇತ್ರ. ಜೋಯಿಡಾ ತಾಲೂಕಿನ ದಟ್ಟ ಕಾಡಿನ ದಾರಿ. ಬಯಲುಸೀಮೆಯ ಬಿಸಿಲನ್ನು ಕಂಡವರಿಗೆ ಬೇರೆಯೇ ಲೋಕ.

ಬಸವಕಲ್ಯಾಣವನ್ನು ಕಾಣುವ ಹಂಬಲ ಸಹಜ. ಆದರೆ ಅದು ಬೀದರ ಜಿಲ್ಲೆಯಲ್ಲಿರುವುದರಿಂದ ಈ ಪ್ರವಾಸಕ್ಕೆ ಬಲವಂತವಾಗಿ ಪೋಣಿಸುವುದು ಬೇಡ. ಹೈದರಾಬಾದಿನಲ್ಲಿ ಇಳಿಯುವವರು ಅಥವಾ ಅಲ್ಲಿಂದಲೇ ಹಿಂದಿರುಗುವವರು ಆ ಕ್ಷೇತ್ರವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಲಿ.

ಕೆಲವು ವ್ಯಾವಹಾರಿಕ ಮಾತುಗಳು

ಮಾಘದಿಂದ ವೈಶಾಖದವರೆಗೆ ಮದುವೆಗಳ ಸುಗ್ಗಿ. ಅದರ ಕೊನೆಯ ಭಾಗದಲ್ಲಿ ಬಾದಾಮಿ ವಿಜಯಪುರಗಳ ಬಿಸಿಲು 40 ಡಿಗ್ರಿಯನ್ನು ಮುಟ್ಟುತ್ತದೆ. ಬೆಳಿಗ್ಗೆ ಹತ್ತೂವರೆಯೊಳಗೆ, ಸಂಜೆ ನಾಲ್ಕರ ಮೇಲೆ ಎಂಬುದೇ ನೋಡುವ ಹೊತ್ತು. ನಡುವಿನ ಸಮಯ ನೆರಳಿಗೂ ನಿದ್ರೆಗೂ ಸಲ್ಲಲಿ. ಟೊಪ್ಪಿಗೆ, ತೆಳುವಾದ ಹತ್ತಿಯ ಬಟ್ಟೆ, ಕಾಲಿಗೆ ಸುಲಭವಾಗಿ ಬಿಚ್ಚಬಹುದಾದ ಪಾದರಕ್ಷೆ ಇರಲಿ. ಗುಡಿಯ ಕಲ್ಲುಹಾಸು ಮಧ್ಯಾಹ್ನ ಕಾದ ಹೆಂಚಿನಂತಾಗುವುದರಿಂದ ಕಾಲುಚೀಲವೊಂದು ಜೊತೆಗಿದ್ದರೆ ಒಳ್ಳೆಯದು. ಭುಜ ಮೊಣಕಾಲುಗಳನ್ನು ಮುಚ್ಚುವ ಉಡುಪು ಎಲ್ಲ ಕಡೆ ಸಲ್ಲುತ್ತದೆ.

ಕುಡಿಯಲು ಮುದ್ರೆಯಿರುವ ಬಾಟಲಿಯ ನೀರು ಅಥವಾ ಮನೆಯಲ್ಲಿ ಕುದಿಸಿ ಆರಿಸಿದ ನೀರು. ‘ನಮ್ಮ ಬಾವಿಯ ನೀರು ಅಮೃತ’ ಎಂಬುದು ನಮಗೆ ನಿಜ. ಅವರ ಹೊಟ್ಟೆಗೆ ಅದು ಹೊಸದು. ಖಾರದ ವಿಷಯದಲ್ಲಿಯೂ ಇದೇ ನ್ಯಾಯ. ಎಣ್ಣೆಗಾಯಿ, ಕೆಂಪು ಚಟ್ನಿಗಳನ್ನು ಒಮ್ಮೆ ರುಚಿ ನೋಡಲಿ; ಊಟಕ್ಕೆ ಅನ್ನ, ಮೊಸರು, ಮೆತ್ತನೆಯ ರೊಟ್ಟಿ, ಗೋಧಿ ಹುಗ್ಗಿ ಸಾಕು. ‘ಇನ್ನೊಂದು ಹಾಕಿಸಿಕೊಳ್ಳಿ’ ಎಂಬ ಒತ್ತಾಯವು ನಮ್ಮಲ್ಲಿ ಪ್ರೀತಿ. ಅದನ್ನು ಅರಿಯದವರು ಎಲೆಯಲ್ಲಿ ಬಿಡಲಾರದೆ, ತಿನ್ನಲಾರದೆ ಕಷ್ಟಪಡುತ್ತಾರೆ. ಪ್ರವಾಸಕ್ಕೆ ಹೊರಡುವ ಮೊದಲು ದಾರಿಯಲ್ಲಿ ಸ್ವಚ್ಛ ಶೌಚಾಲಯ ಎಲ್ಲೆಲ್ಲಿದೆಯೆಂದು ವಿಚಾರಿಸಿಟ್ಟುಕೊಳ್ಳುವುದು, ವಿಶೇಷವಾಗಿ ಹೆಣ್ಣುಮಕ್ಕಳ ದೃಷ್ಟಿಯಿಂದ, ಬಹು ಮುಖ್ಯ.

ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಪರದೇಶೀಯರಿಗೆ ಪ್ರವೇಶ ಶುಲ್ಕ ಹೆಚ್ಚು. ಓಸಿಐ ಕಾರ್ಡಿನವರಿಗೆ ಭಾರತೀಯರ ದರವೇ ಅನ್ವಯಿಸುವುದರಿಂದ ಕಾರ್ಡನ್ನು ಜೊತೆಗಿಟ್ಟುಕೊಳ್ಳಲಿ. ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ದಿನವನ್ನು ಗೊತ್ತುಮಾಡುವಾಗ ಇದನ್ನು ಮರೆಯಬಾರದು.

ಖರ್ಚಿನ ಮಾತನ್ನು ಆಡಲು ನಮ್ಮವರು ನಾಚುತ್ತಾರೆ. ಆದರೆ ವಾಹನದ ಬಾಡಿಗೆ, ವಸತಿ, ಊಟ ಇವುಗಳಲ್ಲಿ ಯಾವುದು ಮನೆಯವರದು, ಯಾವುದು ಅತಿಥಿಗಳದು ಎಂಬುದನ್ನು ಮೊದಲೇ ತಿಳಿಸುವುದು ಇಬ್ಬರಿಗೂ ನೆಮ್ಮದಿ. ಮದುವೆಗೆಂದು ಮಾಡಿದ ಸಾಲದ ಮೇಲೆ ಪ್ರತಿಷ್ಠೆಗಾಗಿ ಇನ್ನೊಂದು ಸಾಲ ಮಾಡಿ ಐಷಾರಾಮಿ ವಾಹನ ಗೊತ್ತುಮಾಡುವುದನ್ನು ಯಾವ ಅತಿಥಿಯೂ ಬಯಸುವುದಿಲ್ಲ. ಅತಿಥಿ ಸತ್ಕಾರದ ಅಳತೆ ಹಣವಲ್ಲ. ಜೊತೆಯಲ್ಲಿದ್ದು ಕಳೆದ ಹೊತ್ತು.

ಇದಕ್ಕಾಗಿಯೇ ಜೊತೆಗೆ ಹೋಗುವವರ ಆಯ್ಕೆಯಲ್ಲಿ ವಿವೇಕ ಬೇಕು. ಚಾಲಕನೊಬ್ಬನ ಕೈಗೆ ಒಪ್ಪಿಸಿ ಸುಮ್ಮನಾಗಬಾರದು. ಮನೆಯ ಕಾಲೇಜು ವಿದ್ಯಾರ್ಥಿಗಳಲ್ಲಿ ಇಬ್ಬರಿಗೆ ಈ ಹೊಣೆಯನ್ನು ಒಂದು ತಿಂಗಳು ಮುಂಚೆಯೇ ವಹಿಸಿ, ಆ ಸ್ಥಳಗಳ ಬಗೆಗೆ ಓದಿಕೊಳ್ಳಲು ಹೇಳಿರಿ. ಸ್ಮಾರಕಗಳಲ್ಲಿ ಅಧಿಕೃತ ಮಾರ್ಗದರ್ಶಿಗಳು ದೊರೆತರೆ ಅವರನ್ನೂ ಕರೆದುಕೊಳ್ಳಿರಿ. ಪರರಿಗೆ ಹೇಳಿಕೊಡಬೇಕೆಂದು ಓದುವಾಗ ನಮ್ಮ ಮಕ್ಕಳಿಗೇ ತಮ್ಮ ನಾಡು ಮೊದಲ ಬಾರಿಗೆ ತಿಳಿಯುತ್ತದೆ. ಬಾದಾಮಿಗೆ ನೂರು ಕಿಲೋಮೀಟರ್ ದೂರದಲ್ಲಿದ್ದೂ ಅದನ್ನು ನೋಡದ ತರುಣರು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ.

ಕೈಯಲ್ಲಿ ಒಯ್ಯುವ ನೆನಪು

ಬೀಳ್ಕೊಡುವಾಗ ಕೊಡುವ ಕಾಣಿಕೆ ಭಾರವಾಗಿರಬಾರದು, ಅರ್ಥಪೂರ್ಣವಾಗಿರಬೇಕು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಕಸೂತಿಯ ಕೈಚೌಕ, ಕಿನ್ನಾಳದ ಬಣ್ಣದ ಗೊಂಬೆ ಇವು ನಮ್ಮ ನೆಲದ ಕೈಗಳು ಮಾಡಿದವು. ಇವುಗಳೊಡನೆ ವಚನಗಳ ಇಂಗ್ಲಿಷ್ ಅನುವಾದದ ಪುಸ್ತಕವೊಂದಿರಲಿ. ಎ. ಕೆ. ರಾಮಾನುಜನ್ ಅವರ ಅನುವಾದ ಸಂಕಲನವು 1973ರಲ್ಲಿ ಪ್ರಕಟವಾದಂದಿನಿಂದ ಪಶ್ಚಿಮದ ಓದುಗರಿಗೆ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಪರಿಚಯ ಮಾಡಿಸುತ್ತಲೇ ಇದೆ. ಕೂಡಲಸಂಗಮವನ್ನು ಕಂಡವರಿಗೆ ಆ ಪುಟಗಳಲ್ಲಿ ಮತ್ತೆ ಮತ್ತೆ ಬರುವ ದೇವರ ಹೆಸರು ಬರಿಯ ಅಂಕಿತವಾಗಿ ಉಳಿಯದು. ಎರಡು ಹೊಳೆಗಳು ಕೂಡಿದ ಜಾಗವಾಗಿ ಕಣ್ಣಿಗೆ ಕಟ್ಟುತ್ತದೆ.

ಬಂಧುಗಳೇ, ಮುಂದಿನ ಲಗ್ನಕಾಲ ಬರುವ ಮೊದಲು ನಿಮ್ಮ ಮನೆಗೆ ಕಡಲಾಚೆಯಿಂದ ಬರುವವರು ಯಾರೆಂದು ಪಟ್ಟಿ ಮಾಡುವಾಗ ಅವರ ಹೆಸರಿನ ಮುಂದೆ ಇನ್ನೊಂದು ಹೆಸರನ್ನೂ ಬರೆದಿಡಿರಿ: ಅವರ ಜೊತೆಗೆ ಯಾರು ನಡೆಯುವರು ಎಂಬುದನ್ನು. ಅಷ್ಟಾದರೆ ಉಳಿದದ್ದೆಲ್ಲ ತಾನಾಗಿ ಕೂಡಿಬರುತ್ತದೆ. ಬಂದವರು ತಣಿದು ಹೋಗಲಿ. ಹೋದವರು ಮಕ್ಕಳನ್ನು ಕರೆದುಕೊಂಡು ಮತ್ತೆ ಬರಲಿ ಎಂದು ಹಾರೈಸುತ್ತೇವೆ.